ಮುನ್ನೂರ ಅರವತ್ತು ಕೆಜಿಯ ಲಗತ್ತು

ನಮ್ಮೂರಿನ ಸರ್ವರ್ ಮನೆಯಲ್ಲಿ ನಾನು ಹತ್ತೊಂಬತ್ತು ವರ್ಷ ಗುಮಾಸ್ತೆಯಾಗಿದ್ದೆ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಬೇರೆಯವರ ಲಗತ್ತಿಗೆ ಕಿವಿ ಹಚ್ಚಿ ಕೇಳಿದ್ದೇನೆ. ಹಾಗೆ ಕೇಳಬಾರದು. ಸೇರಿದ ಮೊದಲ ದಿನವೇ ಅದನ್ನು ಬರೆಸಿ ಸಹಿ ಹಾಕಿಸಿಕೊಂಡಿರುತ್ತಾರೆ. ಆದರೂ ಕೇಳಿದೆ.

ಹೊರಗಿನ ಊರುಗಳಲ್ಲಿ ಎಂಬಿ ಎಂದು ಎಣಿಸುವುದನ್ನು ನಾವು ಇಲ್ಲಿ ಕೆಜಿಯಲ್ಲಿ ತೂಗುತ್ತೇವೆ. ಬರೀ ಅಕ್ಷರದ ಇ-ಮೇಲ್‌ಗೆ ತೂಕವಿಲ್ಲ, ಅದು ಬಂದದ್ದೂ ಗೊತ್ತಾಗದಂತೆ ಮನೆ ಸೇರುತ್ತದೆ. ಜೊತೆಗೆ ಫೋಟೊನೋ ಹಾಡೋ ವಿಡಿಯೊನೋ ಲಗತ್ತಿಸಿದ್ದರೆ ಅದು ಗೋಣಿಬಟ್ಟೆಯಲ್ಲಿ ಹೊಲಿದ ಗಂಟಾಗಿ ಬರುತ್ತದೆ. ಗಂಟು ಹತ್ತು ಕೆಜಿಯೊಳಗಿದ್ದರೆ ಸೀದಾ ಅವರವರ ಮನೆಯ ಕಪಾಟಿಗೆ ಹೋಗಿ ಕೂರುತ್ತದೆ. ಹತ್ತು ದಾಟಿದರೆ ಪತ್ರ ಮಾತ್ರ ಮುಂದಕ್ಕೆ ಹೋಗಿ, ಗಂಟು ನಮ್ಮ ಗೋದಾಮಿನಲ್ಲಿ ಬೀಳುತ್ತದೆ. ಪತ್ರದ ಕೊನೆಗೆ ಒಂದು ಚೀಟಿ ಅಂಟಿಸುತ್ತೇವೆ: ನಿಮ್ಮ ಲಗತ್ತು ಇಲ್ಲಿದೆ, ಬಂದು ಒಯ್ಯಿರಿ. ಜನ ಕೈಗಾಡಿ ತಂದು ಒಯ್ಯುತ್ತಾರೆ. ಮನೆಗೊಂದು ಕಪಾಟು, ಕಪಾಟಿಗೆ ನೂರು ಕೆಜಿ. ಅದು ತುಂಬಿದರೆ ಹೊಸದು ಒಳಗೆ ಹೋಗುವುದಿಲ್ಲ, ಹಳೆಯದನ್ನು ತೆಗೆದು ಹಾಕಬೇಕು. ತೆಗೆದು ಹಾಕಿದ್ದು ಮತ್ತೆ ಸಿಗುವುದಿಲ್ಲ. ಹೀಗಾಗಿ ನಮ್ಮೂರಿನ ಹೆಂಗಸರು ಶುಕ್ರವಾರ ಮನೆ ಸಾರಿಸುವಾಗ ಕಪಾಟನ್ನೂ ಒಮ್ಮೆ ನೋಡಿ, ಯಾವ ಮದುವೆಯ ವಿಡಿಯೊ ಇನ್ನು ಸಾಕು ಎಂದು ಲೆಕ್ಕ ಹಾಕುತ್ತಾರೆ.

ಆ ಸೋಮವಾರ ಬೆಳಿಗ್ಗೆ ನಾನು ಬೀಗ ತೆಗೆಯುತ್ತಿರುವಾಗಲೇ ಒಳಗೆ ಏನೋ ಬಿದ್ದ ಸದ್ದು ಕೇಳಿತು. ನೆಲವೇ ಒಮ್ಮೆ ಅದುರಿತು. ನಮ್ಮ ಹಮಾಲಿ ಹುಸೇನಿ ಓಡಿ ಬಂದ. ಗೋದಾಮಿನ ನಡುವೆ, ಮಲಗಿದ ಎಮ್ಮೆಯಷ್ಟು ದೊಡ್ಡ ಗಂಟು. ಹುಸೇನಿ ಹೆಗಲು ಕೊಟ್ಟು ನೂಕಿದ. ಅದು ಮಿಸುಕಲಿಲ್ಲ.

"ಅಕ್ಕಾ, ಇದು ಯಾರ ಮನೆ ಮದುವೆ?" ಅಂದ.

ಗೋದಾಮು ಮೊದಲು ಹತ್ತಿ ಗಿರಣಿಯಾಗಿತ್ತು. ಆ ಕಾಲದ ದೊಡ್ಡ ತಕ್ಕಡಿ ಇನ್ನೂ ಇದೆ. ನಾಲ್ಕು ಜನ ಸೇರಿ ಗಂಟನ್ನು ಅದಕ್ಕೆ ಏರಿಸಿದೆವು. ಮುನ್ನೂರ ಅರವತ್ತು ಕೆಜಿ. ಮೇಲೆ ಹೊಲಿದಿದ್ದ ಪಟ್ಟಿಯಲ್ಲಿ ಯಾವುದೋ ದೂರದ ನಗರದ ಧ್ವನಿ ಸಂಗ್ರಹಾಲಯದ ಹೆಸರು. ಅದರ ಕೆಳಗೆ: ಸಾಕಮ್ಮನವರಿಗೆ, ಹೆರಿಗೆ ಆಸ್ಪತ್ರೆ.

ಸರ್ವರ್ ಮನೆಯ ಮುಖ್ಯಸ್ಥರು ಶ್ರೀಪಾದರಾಯರು ಬಂದು ನೋಡಿದರು, ಜೇಬಿನಿಂದ ಕೆಂಪು ಸೀಮೆಸುಣ್ಣ ತೆಗೆದು ಗಂಟಿನ ಮೇಲೆ 'ವಾಪಸ್' ಎಂದು ಬರೆದರು. ನೂರು ದಾಟಿದ ಗಂಟನ್ನು ಯಾರಿಗೂ ಕೊಡುವಂತಿಲ್ಲ. ಏಳು ದಿನ ಇಟ್ಟುಕೊಂಡು ಕಳಿಸಿದವರಿಗೇ ಹಿಂದಿರುಗಿಸಬೇಕು. ರಾಯರು ಕಲ್ಲುಮನಸ್ಸಿನವರೇನಲ್ಲ. ಹಿಂದೊಮ್ಮೆ ಯಾರೋ ದೊಡ್ಡವರ ಮಾತಿಗೆ ಕಟ್ಟುಬಿದ್ದು ಇನ್ನೂರು ಕೆಜಿಯ ಗಂಟೊಂದನ್ನು ಅಟ್ಟದ ಮೇಲೆ ಇಡಲು ಬಿಟ್ಟಿದ್ದರು. ತೊಲೆ ಮುರಿದು ಸರ್ವರ್ ಮೇಲೆ ಬಿತ್ತು. ನಲವತ್ತು ದಿನ ಊರಿಗೆ ಒಂದು ಪತ್ರವೂ ಬರಲಿಲ್ಲ. ಕಾಲೇಜಿಗೆ ಸೀಟು ಸಿಕ್ಕಿದ ಪತ್ರ ತಡವಾಗಿ ತಲುಪಿದ ಹುಡುಗಿಯೊಬ್ಬಳು ಈಗಲೂ ಬಸ್ ನಿಲ್ದಾಣದಲ್ಲಿ ಟಿಕೆಟ್ ಹರಿಯುತ್ತಾಳೆ. ರಾಯರು ಬಸ್ಸಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಹೋದ ಮೇಲೆ ನಾನು ಗೋದಾಮಿಗೆ ಹೋದೆ. ಸಾಕಮ್ಮ ಸಿಸ್ಟರ್ ಅಂದರೆ ಊರಿನಲ್ಲಿ ಅರ್ಧ ಜನವನ್ನು ಕೈಯಲ್ಲಿ ಹಿಡಿದು ಭೂಮಿಗೆ ಇಳಿಸಿಕೊಂಡವರು. ನನ್ನ ಇಬ್ಬರು ಮಕ್ಕಳನ್ನೂ ಅವರೇ ಹಿಡಿದದ್ದು. ಮದುವೆಯಾಗಲಿಲ್ಲ, ಊರ ಹೊರಗೆ ಅವರಿಗೆ ಬಂಧುಗಳಿರುವುದು ಯಾರಿಗೂ ಗೊತ್ತಿರಲಿಲ್ಲ. ಇಷ್ಟು ದೊಡ್ಡದನ್ನು ಅವರಿಗೆ ಕಳಿಸುವವರು ಯಾರು? ಅದರಲ್ಲಿ ಏನಿದೆ? ಬೆಳಗಿನಿಂದ ಅದೇ ಯೋಚನೆಯಲ್ಲಿ ನನಗೆ ಕೆಲಸವೇ ಸಾಗಿರಲಿಲ್ಲ. ಗೋಣಿಬಟ್ಟೆಗೆ ಕಿವಿ ಹಚ್ಚಿದೆ.

ಧಪ್, ಧಪ್, ಧಪ್, ಧಪ್. ಹತ್ತಿಪ್ಪತ್ತು ಜನ ಒಂದೇ ಸಲಕ್ಕೆ ಏನನ್ನೋ ಬಡಿಯುತ್ತಿದ್ದಾರೆ. ಆ ಬಡಿತದ ನಡುವೆ ಒಬ್ಬ ಹೆಂಗಸು ಉಸಿರು ಎಳೆದುಕೊಂಡಳು. ಅಷ್ಟೇ. ಮುಂದೆ ಅವಳು ಏನು ಹೇಳುತ್ತಾಳೆ ಎಂದು ಕೇಳುವ ಮೊದಲೇ ಹೆದರಿ ಕಿವಿ ತೆಗೆದುಬಿಟ್ಟೆ. ಸಂಜೆ ಕೆಲಸ ಮುಗಿದ ಕೂಡಲೇ ಸಾಕಮ್ಮನವರ ಮನೆಗೆ ಹೊರಟೆ.

ಆಸ್ಪತ್ರೆಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅವರು ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಿವೃತ್ತರಾಗಿ ಎರಡು ವರ್ಷ ಕಳೆದರೂ ಆ ಮನೆಯಿಂದ ಅವರನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಪತ್ರ ಬೆಳಿಗ್ಗೆಯೇ ಬಂದಿತ್ತಂತೆ.

"ಓದ್ದೆ. ಬೇರೆ ಯಾರೋ ಸಾಕಮ್ಮಂಗೆ ಬರೆದಿರ್ಬೇಕು ಅನ್ಕೊಂಡೆ," ಎಂದು ಪತ್ರವನ್ನು ನನ್ನ ಕಡೆ ನೂಕಿದರು.

ಸಂಗ್ರಹಾಲಯದ ಗುಮಾಸ್ತೆಯೊಬ್ಬಳು ಬರೆದ ಪತ್ರ. ಅರವತ್ತು ವರ್ಷದ ಹಿಂದೆ ಒಬ್ಬ ಮೇಷ್ಟ್ರು ದೊಡ್ಡ ಟೇಪ್ ರೆಕಾರ್ಡರ್ ಹೊತ್ತುಕೊಂಡು ನಮ್ಮೂರಿಗೆ ಬಂದಿದ್ದರಂತೆ. ತಾರಸಿಗೆ ಗಾರೆ ಬಡಿಯುವ ಹೆಂಗಸರ ಹಾಡುಗಳನ್ನು ಮುದ್ರಿಸಿಕೊಂಡರಂತೆ. ಎಲ್ಲ ಹಾಡುಗಳನ್ನು ಮುಂದಾಳಾಗಿ ಹಾಡಿದವಳು ದೇವೀರಿ ಎಂಬಾಕೆ, ಒಟ್ಟು ನಲವತ್ತೆರಡು. 'ಮಾರನೆಯ ತಿಂಗಳು ಈಕೆ ಜ್ವರದಿಂದ ತೀರಿಕೊಂಡಳೆಂದು ತಿಳಿಯಿತು. ಮಗು ಹೆರಿಗೆ ಆಸ್ಪತ್ರೆಯ ಆಯಾ ಬಳಿ ಬೆಳೆಯುತ್ತಿದೆ, ಹೆಸರು ಸಾಕಮ್ಮ' ಎಂದು ಮೇಷ್ಟ್ರು ಟಿಪ್ಪಣಿ ಪುಸ್ತಕದಲ್ಲಿ ಬರೆದಿದ್ದರು. ಈಗ ಸಂಗ್ರಹಾಲಯ ಮುಚ್ಚುತ್ತಿದೆ, ಟೇಪುಗಳನ್ನು ಸುಡುತ್ತಾರೆ, ಅದಕ್ಕೆ ಮೊದಲು ಒಂದು ಪ್ರತಿಯಾದರೂ ನಿಮಗೆ ಸೇರಲಿ ಎಂದು ಕಳಿಸುತ್ತಿದ್ದೇನೆ ಎಂದು ಆ ಹುಡುಗಿ ಬರೆದಿದ್ದಳು.

"ಸಿಸ್ಟರ್, ಇದು ನಿಮಗೇ ಬಂದಿರೋದು," ಅಂದೆ.

"ನಮ್ಮಮ್ಮ ಉದ್ದ ಇದ್ಲಂತೆ. ಗಾರೆ ಕೆಲಸ ಮಾಡ್ತಿದ್ಲಂತೆ. ನನ್ನ ಸಾಕಿದ ಆಯಮ್ಮ ಅಷ್ಟೇ ಹೇಳ್ತಿದ್ದಿದ್ದು." ಅವರು ಒಂದು ಅವರೆಕಾಯಿಯನ್ನು ಸುಲಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು. "ಹಾಡ್ತಿದ್ಲು ಅಂತ ಒಬ್ಬರೂ ಹೇಳ್ಲಿಲ್ಲ ನೋಡು."

ರಾಯರ ಸೀಮೆಸುಣ್ಣದ ವಿಷಯ ಹೇಳಿದೆ. ತುಂಡು ತುಂಡಾಗಿ ಕಳಿಸಿ ಎಂದು ಆ ಹುಡುಗಿಗೆ ಬರೆಯೋಣ ಎಂದೆ. ಅಲ್ಲೇ ಕೂತು ಬರೆದೆವು. ಹತ್ತು ನಿಮಿಷದಲ್ಲಿ ಉತ್ತರ ಬಂತು, ಆದರೆ ಹುಡುಗಿಯದಲ್ಲ: 'ಈ ವಿಳಾಸ ಇನ್ನು ಮುಂದೆ ಕೆಲಸ ಮಾಡುವುದಿಲ್ಲ.' ಅಂದರೆ ಗಂಟು ವಾಪಸ್ ಹೋದರೆ ಅದನ್ನು ತೆಗೆದುಕೊಳ್ಳುವವರೇ ಅಲ್ಲಿ ಇಲ್ಲ. ಹಾಗೆ ದಿಕ್ಕಿಲ್ಲದ ಗಂಟುಗಳನ್ನು ಸುಟ್ಟುಬಿಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಾನು ಹೇಳದೆಯೇ ಅವರಿಗೂ ಅರ್ಥವಾಯಿತು.

"ನಾಳೆ ಬನ್ನಿ ಸಿಸ್ಟರ್, ಕೇಳೋಣ," ಅಂದೆ.

"ನಾಳೆ ಆಗಲ್ಲ, ಒಬ್ಬಳು ಬಾಣಂತಿ ನೋಡೋಕೆ ಹೋಗ್ಬೇಕು."

ಮಂಗಳವಾರ ಬರಲಿಲ್ಲ. ಬುಧವಾರವೂ ಬರಲಿಲ್ಲ. ಸಾವಿರ ಹೆರಿಗೆ ಮಾಡಿಸಿದ ಹೆಂಗಸು ಒಂದು ಗೋಣಿಗಂಟಿಗೆ ಹೆದರುತ್ತಾರೆಂದು ನನಗೆ ಹೊಳೆದದ್ದು ಆಮೇಲೆ. ಗುರುವಾರ ಬೆಳಿಗ್ಗೆ, ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ಹಳೆಯ ಆಸ್ಪತ್ರೆಯ ಕತ್ತರಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಂದು ನಿಂತರು.

ಒಡೆಯರು ತಮ್ಮ ಗಂಟನ್ನು ಗೋದಾಮಿನೊಳಗೆ ಬಿಚ್ಚಿ ನೋಡಬಹುದು ಎಂದು ನಿಯಮದಲ್ಲಿದೆ. ರಾಯರು ತಡೆಯಲಿಲ್ಲ. ಹೊಲಿಗೆ ಬಿಚ್ಚಿದಾಗ ಒಳಗೆ ಪದರ ಪದರವಾಗಿ ಮಡಿಸಿದ ಬಟ್ಟೆ. ಧ್ವನಿಯ ಲಗತ್ತು ಯಾವಾಗಲೂ ಹಾಗೆಯೇ, ಮಡಿಕೆ ಬಿಚ್ಚಿದರೆ ಸದ್ದು, ಮಡಚಿದರೆ ಮೌನ, ಕಿವಿ ಹಚ್ಚಿದವರಿಗೆ ಮಾತ್ರ ಒಂದಿಷ್ಟು ಕೇಳೀತು. ಸಾಕಮ್ಮನವರು ಮೊದಲ ಮಡಿಕೆ ಬಿಚ್ಚಿದರು.

ಧಪ್ ಧಪ್ ಎಂದು ಮರದ ಕೊಡತಿಗಳು ಗಾರೆಯ ಮೇಲೆ ಬೀಳುವ ಸದ್ದು ಗೋದಾಮನ್ನು ತುಂಬಿತು. ಅದರ ಮೇಲೆ ಒಂದು ದನಿ ಎದ್ದಿತು. ನಯವಾದ ದನಿಯಲ್ಲ. ಬಿಸಿಲಲ್ಲಿ ನಿಂತು ಪಕ್ಕದ ಬೀದಿಯವರನ್ನು ಕೂಗಿ ಕರೆಯುವಂಥ ದಪ್ಪ ದನಿ.

'ಗಚ್ಚೇ ಗಟ್ಟಿಯಾಗೇ, ನೀರೊಂದು ನಿಲ್ಲದಂಗೆ,
ಕೆಳಗೆ ಮಲಗೋ ಕೂಸಿನ ಕಣ್ಣು ತೋಯದಂಗೆ.'

ಉಳಿದ ಹೆಂಗಸರು ಅದನ್ನೇ ತಿರುಗಿ ಹೇಳಿದರು, ಕೊಡತಿಗಳು ಬಿದ್ದವು. ಎರಡು ನಿಮಿಷದ ಹಾಡು. ಮುಗಿದ ಮೇಲೆ ಸಾಕಮ್ಮನವರು ಮಡಚಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಚಿದರು. ಅಳಲಿಲ್ಲ.

"ನನ್ನ ದನಿ ಥರಾನೇ ಇದೆ ಅಲ್ವಾ? ಹೆರಿಗೆ ವಾರ್ಡಲ್ಲಿ ನಾನು ಹಿಂಗೇ ಕಿರುಚ್ತಿದ್ದೆ," ಅಂದರು.

ಅದು ನಿಜವಾಗಿತ್ತು. ಬಾಗಿಲಲ್ಲಿ ನಿಂತ ಹುಸೇನಿ ತಲೆಯಾಡಿಸಿದ. ಅವನೂ ಅವರ ಕೈಯಲ್ಲೇ ಹುಟ್ಟಿದವನು.

ಆಗ ರಾಯರೇ ಒಂದು ಉಪಾಯ ಹೇಳಿದರು. "ಪ್ರೆಸ್ಸಿಗೆ ಹಾಕಿ. ಹತ್ತರಲ್ಲಿ ಒಂದು ಪಾಲು ತೂಕಕ್ಕೆ ಬರುತ್ತೆ. ಮೂವತ್ತಾರು ಕೆಜಿ ಆದ್ರೆ ಕಪಾಟಲ್ಲಿ ಒಂದಿಷ್ಟು ಜಾಗ ಮಾಡ್ಕೊಂಡು ನೀವೇ ತಗೊಂಡು ಹೋಗಬಹುದು." ಗಿರಣಿಯ ಕಾಲದಲ್ಲಿ ಹತ್ತಿಯನ್ನು ಒತ್ತಿ ಮೂಟೆ ಮಾಡುತ್ತಿದ್ದ ಯಂತ್ರ ಅದು. ನಮ್ಮಲ್ಲಿ ಲಗತ್ತುಗಳನ್ನು ಕುಗ್ಗಿಸಲು ಬಳಸುತ್ತೇವೆ. ಕಪಾಟಿನಲ್ಲಿ ಜಾಗವಿಲ್ಲದವರು ಫೋಟೊಗಳನ್ನು ಒತ್ತಿಸಿಕೊಂಡು ಹೋಗುತ್ತಾರೆ, ಯಾರೂ ದೂರು ಹೇಳಿದ್ದಿಲ್ಲ. ಮೊದಲು ಒಂದು ಹಾಡನ್ನು ಮಾತ್ರ ಕತ್ತರಿಸಿ ಒತ್ತಿ ನೋಡೋಣ ಎಂದು ಸಾಕಮ್ಮನವರು ಅಂದರು. ಎಂಟು ಕೆಜಿಯದು ಒಂದು ಕೆಜಿಗೂ ಕಡಿಮೆಯಾಗಿ, ಚಪಾತಿಯಂತೆ ಹೊರಬಂತು.

ಬಿಚ್ಚಿ ಕೇಳಿದೆವು. ಹಾಡು ಇತ್ತು, ಒಂದು ಮಾತೂ ತಪ್ಪಿರಲಿಲ್ಲ. ಆದರೆ ದನಿ ಡಬ್ಬಿಯೊಳಗಿಂದ ಬಂದಂತಿತ್ತು. ಕೊಡತಿಯ ಬಡಿತ ಸತ್ತುಹೋಗಿತ್ತು. ಎರಡು ಸಾಲಿನ ನಡುವೆ ಆಕೆ ಎಳೆದುಕೊಳ್ಳುತ್ತಿದ್ದ ಉಸಿರೂ ಇಲ್ಲ. ಪ್ರೆಸ್ಸು ತನಗೆ ಬೇಡವೆನಿಸಿದ್ದನ್ನು ಹಿಂಡಿ ಹಾಕಿತ್ತು.

"ಉಸಿರಿಲ್ಲ ಇದಕ್ಕೆ," ಅಂದರು ಸಾಕಮ್ಮ. ಮಗು ಹಿಡಿದು ನೋಡಿ ಹೇಳುವ ರೀತಿಯಲ್ಲೇ ಹೇಳಿದರು. "ಬೇಡ ರಾಯರೇ. ಒತ್ತೋದು ಬೇಡ."

ಹಾಗಾದರೆ ಉಳಿದದ್ದು ಒಂದೇ ದಾರಿ. ನಮ್ಮೂರಿಂದ ಯಾರಾದರೂ ಯಾರಿಗಾದರೂ ಹತ್ತು ಕೆಜಿಯೊಳಗಿನ ಲಗತ್ತು ಕಳಿಸಬಹುದು. ಹಾಡುಗಳನ್ನು ಒಂದೊಂದಾಗಿ ಕತ್ತರಿಸಿದರೆ ಪ್ರತಿಯೊಂದೂ ಎಂಟು, ಎಂಟೂವರೆ. ಸಾಕಮ್ಮನವರೇ ಅವನ್ನು ಪತ್ರದ ಜೊತೆ ಒಬ್ಬೊಬ್ಬರಿಗೆ ಒಂದರಂತೆ ಕಳಿಸಬೇಕು, ಅವರ ಕಪಾಟಿನಲ್ಲಿ ಜಾಗವಿರಬೇಕು. ಸಾಕಮ್ಮನವರ ಸ್ವಂತ ಕಪಾಟಿನಲ್ಲಿ ಉಳಿದಿದ್ದದ್ದು ಎಂಟೂವರೆ ಕೆಜಿಯ ಜಾಗ. ಉಳಿದದ್ದೆಲ್ಲ ಮಕ್ಕಳ ಫೋಟೊ. ಹೆರಿಗೆಯಾಗಿ ಹೋದವರು ನಾಮಕರಣಕ್ಕೆ, ಶಾಲೆಗೆ ಸೇರಿದಾಗ, ಕೊನೆಗೆ ಮದುವೆಯಾದಾಗ ಕಳಿಸಿದವು.

"ಅವನ್ನ ತೆಗೆದುಹಾಕಿದ್ರೆ ಹನ್ನೊಂದು ಹಾಡು ಹಿಡಿಯುತ್ತೆ ಸಿಸ್ಟರ್. ಆ ಮಕ್ಕಳೆಲ್ಲ ಇಲ್ಲೇ ಊರಲ್ಲೇ ಓಡಾಡಿಕೊಂಡಿದ್ದಾರಲ್ಲ, ಫೋಟೊ ಯಾಕೆ?" ಅಂದೆ.

ಅವರು ನನ್ನ ಮುಖ ನೋಡಿದರು. "ನಿನ್ನ ಎರಡನೇದು ಹುಟ್ಟಿದಾಗ ನಾಲ್ಕು ನಿಮಿಷ ಅಳಲಿಲ್ಲ, ಜ್ಞಾಪಕ ಇದೆಯಾ? ಅವನ ನಾಮಕರಣದ ಫೋಟೊ ಯಾವ ಕೈಯಿಂದ ತೆಗೆದುಹಾಕ್ಲಿ ಹೇಳು?" ಆಮೇಲೆ ಅವರೇ, "ಆದ್ರೆ ಅವನ ಕಪಾಟಲ್ಲಿ ಜಾಗ ಇದೆಯಾ ಅಂತ ಕೇಳಬಹುದು, ಅಲ್ವಾ?" ಅಂದರು.

ಹಾಗೆ ಶುರುವಾಯಿತು. ಗುರುವಾರ ಮಧ್ಯಾಹ್ನದಿಂದ ಭಾನುವಾರದವರೆಗೆ, ಒಟ್ಟು ಮೂರೂವರೆ ದಿನ. ಸಾಕಮ್ಮನವರು ಹಾಡು ಮುಗಿಯುವ ಜಾಗ ಕೇಳಿ ಕೇಳಿ ಕತ್ತರಿಸುತ್ತಿದ್ದರು. ಹೊಕ್ಕುಳಬಳ್ಳಿ ಕತ್ತರಿಸಿ ಅಭ್ಯಾಸವಾದ ಕೈ, ಒಂದು ಉಸಿರೂ ಅತ್ತಿತ್ತ ಹೋಗುತ್ತಿರಲಿಲ್ಲ. ನಾನು ಪತ್ರಗಳನ್ನು ಬರೆಯುತ್ತಿದ್ದೆ. ಎಲ್ಲದರಲ್ಲೂ ಒಂದೇ ಮಾತು: 'ಇದು ನಮ್ಮಮ್ಮ ಹಾಡಿರುವ ಹಾಡು. ನಿಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಿ. ನಾನು ಆಗಾಗ ಬಂದು ಕೇಳಿಕೊಂಡು ಹೋಗುತ್ತೇನೆ.' ಮಡಿಕೆ ಬಿಚ್ಚಿದಾಗಲೆಲ್ಲ ಬೀದಿಯಲ್ಲಿ ಜನ ನಿಲ್ಲುತ್ತಿದ್ದರು. ಯಾವ ಹಾಡು ಯಾರಿಗೆ ಎಂಬ ವಿಚಾರವೇ ದೊಡ್ಡ ಚರ್ಚೆಯಾಯಿತು. ಸುಣ್ಣದ ಭಟ್ಟಿಯ ಹಾಡು ಭಟ್ಟಿಯವರ ಸೊಸೆಗೆ ಹೋಯಿತು. ಅತ್ತೆಯನ್ನು ಬೈಯುವ ಹಾಡಿಗೆ ಮೂವರು ಸೊಸೆಯರು ಜಗಳವಾಡಿದರು. ಪ್ರೆಸ್ಸಿನಲ್ಲಿ ಉಸಿರು ಕಳೆದುಕೊಂಡ ಹಾಡನ್ನು ಹುಸೇನಿ ಕೇಳಿ ಪಡೆದ. ಅವನ ಕಪಾಟಿನಲ್ಲಿ ಅಷ್ಟಕ್ಕೇ ಜಾಗವಿತ್ತು. "ಉಸಿರು ನಾನು ಕೊಡ್ತೀನಿ ಬಿಡಿ," ಎಂದು ಗಾಡಿ ತಳ್ಳುತ್ತ ಅದನ್ನೇ ಹಾಡಿಕೊಂಡು ತಿರುಗತೊಡಗಿದ.

ಒಂದು ಹಾಡು ಹೊರಟ ಗಂಟೆಯೊಳಗೆ ಧೊಪ್ಪೆಂದು ಗೋದಾಮಿಗೆ ಹಿಂದಿರುಗಿ ಬಿತ್ತು. ಯಾರಿಗೆ ಕಳಿಸಿದ್ದೆವೋ ಆ ದರ್ಜಿಯ ಕಪಾಟು ಪೂರ್ತಿ ತುಂಬಿತ್ತು. ದರ್ಜಿ ಓಡಿ ಬಂದು, "ಇನ್ನೊಂದು ಸಲ ಕಳಿಸಿ ಸಿಸ್ಟರ್, ನಮ್ಮ ಷಡ್ಡಕನ ಗೃಹಪ್ರವೇಶ ಹತ್ತು ಕೆಜಿ ಇತ್ತು, ತೆಗೆದು ಎಸೆದು ಬಂದೆ," ಅಂದ. ಆ ಷಡ್ಡಕ ಹೊರಗೆ ಗುಂಪಿನಲ್ಲಿಯೇ ನಿಂತಿದ್ದ. ಇಬ್ಬರೂ ಆಮೇಲೆ ಒಂದು ತಿಂಗಳು ಮಾತಾಡಲಿಲ್ಲವಂತೆ.

ಶನಿವಾರ ಮೂವತ್ತೊಂದನೆಯ ಹಾಡಿನ ಮಡಿಕೆ ಬಿಚ್ಚಿದ ಸಾಕಮ್ಮನವರು ಎರಡನೇ ಸಾಲಿಗೇ ಗಬಕ್ಕನೆ ಮಡಚಿಬಿಟ್ಟರು. ಬಾಗಿಲಲ್ಲಿ ಬಟ್ಟೆ ಅಂಗಡಿಯ ವಿರೂಪಾಕ್ಷಪ್ಪ ನಿಂತಿದ್ದರು. ಪೇಟೆ ಬೀದಿಯಲ್ಲಿ ತಾತ ಕಟ್ಟಿಸಿದ ಮೂರಂತಸ್ತಿನ ಮನೆ ಅವರದು, ಅದರ ತಾರಸಿಗೆ ದೇವೀರಿಯ ತಂಡವೇ ಗಾರೆ ಬಡಿದದ್ದು. ಊರಿಗೇ ದೊಡ್ಡದಾದ ಮೂಗೂ ಅವರದೇ.

"ಯಾಕೆ ಮುಚ್ಚಿದ್ರಿ? ಸಾಹುಕಾರ ಅಂತ ಕೇಳಿಸಿತಲ್ಲ, ನಮ್ಮ ಮನೆ ವಿಷಯ ತಾನೇ," ಅಂದರು.

"ನಿಮಗೆ ಹಿಡಿಸಲ್ಲ ಬಿಡಿ ಯಜಮಾನ್ರೇ."

"ಬಿಚ್ಚಿ ಸಿಸ್ಟರ್."

ಸಾಕಮ್ಮನವರು ಬಿಚ್ಚಿದರು. ದೇವೀರಿ ಗಂಟಲು ಬಿಟ್ಟು ಹಾಡುತ್ತಿದ್ದಳು, ಹಿಂದಿನ ಹೆಂಗಸರು ನಗು ತಡೆಯಲಾರದೆ ಕೊಡತಿಯ ತಾಳ ತಪ್ಪುತ್ತಿದ್ದರು.

'ಯಾರ ಮೂಗೇ ಇದು ಸಾಹುಕಾರನ ಮೂಗೇ,
ಮಜ್ಜಿಗೆ ಕೊಡದಿದ್ರೂ ನೆರಳು ಕೊಡುವ ಮೂಗೇ.'

ವಿರೂಪಾಕ್ಷಪ್ಪ ಕೊನೆಯವರೆಗೂ ಕೇಳಿದರು. ಅವರ ಕೈ ತಾನಾಗಿ ಮೂಗಿನ ಹತ್ತಿರ ಹೋಯಿತು.

"ನಮ್ಮ ತಾತನ ಒಂದು ಫೋಟೊನೂ ಇಲ್ಲ ನಮ್ಮನೇಲಿ," ಅಂದರು. "ಹೆಂಗಿದ್ರು ಅಂತ ಯಾರನ್ನ ಕೇಳಿದ್ರೂ ದೇವರಂಥ ಮನುಷ್ಯ, ದೇವರಂಥ ಮನುಷ್ಯ ಅಂತಾರೆ. ಇದು ನನಗೆ ಕೊಡಿ." ಆಮೇಲೆ, "ಮಜ್ಜಿಗೆ ಕೊಡ್ತಿರಲಿಲ್ವಾ ಹಂಗಾದ್ರೆ?" ಎಂದು ಕೇಳಿದರು. ಅಂದು ಸಂಜೆ ಅವರ ಅಂಗಡಿಯಿಂದ ಗೋದಾಮಿಗೆ ಎರಡು ಬಿಂದಿಗೆ ಮಜ್ಜಿಗೆ ಬಂತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ಹಾಡು ಮನೆ ಸೇರಿದ್ದವು. ನಲವತ್ತೆರಡನೆಯದನ್ನು ಸಾಕಮ್ಮನವರು ತಮ್ಮ ಕಪಾಟಿಗೆಂದು ಎತ್ತಿಟ್ಟಿದ್ದರು. ಅದು ಕೆಲಸ ಮುಗಿದ ಸಂಜೆ ಹಾಡುವ ಹಾಡು, ಬಡಿತ ನಿಧಾನ, ದನಿಯೂ ಸ್ವಲ್ಪ ಮೆತ್ತಗೆ. ಅದನ್ನು ಎತ್ತಿಕೊಡಲು ಹುಸೇನಿ ಕೆಳಗಿನ ಗೋಣಿಬಟ್ಟೆಯನ್ನು ಜಾಡಿಸಿದಾಗ ಅದರ ಮೂಲೆಯಲ್ಲಿ ಇನ್ನೊಂದು ಸಣ್ಣ ಮಡಿಕೆ ಸಿಕ್ಕಿತು. ಸಂಗ್ರಹಾಲಯದ ಹುಡುಗಿ ಪತ್ರದಲ್ಲಿ ಹೇಳಿದ್ದ ನಲವತ್ತೆರಡರಲ್ಲಿ ಅದು ಸೇರಿರಲಿಲ್ಲ. ಅದರ ಮೇಲೆ ಮೇಷ್ಟ್ರ ಕೈಬರಹದ ಎರಡೇ ಮಾತು: 'ಹಾಡಿಲ್ಲ. ಗದ್ದಲ.' ತೂಗಿದೆ. ಏಳು ಕೆಜಿ. ಸಾಕಮ್ಮನವರ ಕಪಾಟಿಗೆ ಎರಡರಲ್ಲಿ ಒಂದು ಮಾತ್ರ ಹಿಡಿಯುತ್ತಿತ್ತು.

ರಾಯರು ಗಡಿಯಾರ ನೋಡಿದರು. ಐದು ಗಂಟೆಗೆ ಏಳು ದಿನ ಮುಗಿಯುತ್ತಿತ್ತು. "ಗದ್ದಲ ಅಂತ ಅವರೇ ಬರೆದಿದ್ದಾರಲ್ಲ. ಅದನ್ನ ಬಿಟ್ಟು ಹಾಡು ತಗೊಂಡು ಹೋಗಿ ಸಾಕಮ್ಮನವರೇ," ಅಂದರು.

ಸಾಕಮ್ಮನವರು ಮಡಿಕೆಯ ಅಂಚನ್ನು ಬೆರಳಗಲ ಎತ್ತಿದರು. ಏನು ಕೇಳಿಸಿತೋ ನನಗೆ ಗೊತ್ತಾಗಲಿಲ್ಲ, ನಾನು ದೂರ ನಿಂತಿದ್ದೆ. ಅವರು ತಟ್ಟನೆ ಮುಚ್ಚಿ ಅದನ್ನು ಎದೆಗೆ ಅವಚಿಕೊಂಡರು.

"ನನಗೆ ಇದು ಸಾಕು. ಹಾಡು ಯಾರಿಗಾದ್ರೂ ಕೊಡಬೇಕಲ್ಲ," ಅಂದರು.

ಭಾನುವಾರವಾದ್ದರಿಂದ ಜನ ಚದುರಿದ್ದರು. ನನ್ನ ಕಪಾಟಿನಲ್ಲಿ ಒಂದಿತ್ತು, ಬೇರೆ ಮನೆ ಮಾಡಿರುವ ನನ್ನ ಮಕ್ಕಳ ಕಪಾಟಿನಲ್ಲಿ ಒಂದೊಂದಿತ್ತು, ಇನ್ನು ಒಂದು ಕೆಜಿಗೂ ಜಾಗವಿರಲಿಲ್ಲ. ಗಂಟೆ ನಾಲ್ಕೂ ಮುಕ್ಕಾಲು. ರಾಯರು ಕೆಮ್ಮಿದರು.

"ನನ್ನದರಲ್ಲಿ ಜಾಗ ಇದೆ," ಅಂದರು. ನಾವು ಯಾರೂ ಅವರನ್ನು ಕೇಳಿಯೇ ಇರಲಿಲ್ಲ ಎಂದು ನನಗೆ ಆಗ ಹೊಳೆಯಿತು. "ತೊಂಬತ್ತೊಂಬತ್ತು ಕೆಜಿ ಖಾಲಿ ಇದೆ. ನನಗೆ ಯಾರೂ ಏನೂ ಕಳಿಸೋದಿಲ್ಲ. ಕಳಿಸಬೇಡಿ ಅಂತ ನಾನೇ ಹೇಳಿಬಿಟ್ಟಿದೀನಿ."

ಸಾಕಮ್ಮನವರು ಅಲ್ಲೇ ನಿಂತು ಪತ್ರ ಹೇಳಿ ಬರೆಸಿದರು. ಆದರೆ ಅದರಲ್ಲಿ ಎಲ್ಲರಿಗೂ ಬರೆದ ಮಾತಿನ ಜೊತೆ ಇನ್ನೊಂದು ಸಾಲು ಸೇರಿಸಿದರು: 'ಒಬ್ಬರೇ ಕೇಳಬೇಡಿ, ಯಾರನ್ನಾದರೂ ಮನೆಗೆ ಕರೆಯಿರಿ.' ಐದಕ್ಕೆ ಎರಡು ನಿಮಿಷವಿರುವಾಗ ಆ ಹಾಡು ಹೊರಟುಹೋಯಿತು. ರಾಯರು ಖಾಲಿ ಗೋಣಿಬಟ್ಟೆಯನ್ನು ಮಡಚಿ, 'ವಾಪಸ್' ಎಂದು ಬರೆದದ್ದನ್ನು ತಾವೇ ಒದ್ದೆ ಬಟ್ಟೆಯಿಂದ ಉಜ್ಜಿ ಅಳಿಸಿದರು.

ಆಮೇಲೆ ಎಷ್ಟೋ ದಿನ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಸಾಕಮ್ಮನವರು ದಿನಕ್ಕೊಂದು ಮನೆಯಂತೆ ಹೋಗಿ, ಕಾಫಿ ಕುಡಿದು, ಹಾಡು ಕೇಳಿ, ಆ ಮನೆಯ ಬಸುರಿಯರ ಕಾಲು ಊದಿದೆಯಾ ಎಂದು ಒತ್ತಿ ನೋಡಿ ಬರುತ್ತಿದ್ದರು. ನಲವತ್ತೆರಡು ಮನೆ ತಿರುಗಿ ಮುಗಿಸುವ ಹೊತ್ತಿಗೆ ಮತ್ತೆ ಮೊದಲ ಮನೆಯವರು ಕರೆಯುತ್ತಿದ್ದರು. ಆದರೆ ಆ ಏಳು ಕೆಜಿಯ ವಿಷಯ ಅವರು ಎತ್ತಲಿಲ್ಲ. ನನಗೋ ಕುತೂಹಲ ತಡೆಯಲಾಗುತ್ತಿರಲಿಲ್ಲ. ಎರಡು ಸಲ ಕೇಳಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಸುಮಾರು ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವರೇ ಬರಹೇಳಿದರು.

"ಒಬ್ಬಳೇ ಬಿಚ್ಚೋಕೆ ಆಗ್ತಿಲ್ಲ. ರಾಯರಿಗೆ ಬುದ್ಧಿ ಹೇಳಿದವಳು ನಾನೇ," ಎಂದು ನಕ್ಕರು. "ಅಂಚು ಎತ್ತಿದಾಗ ಒಂದು ಮಗು ಅಳೋದು ಕೇಳಿಸ್ತು. ಅಷ್ಟಕ್ಕೇ ಮುಚ್ಚಿಬಿಟ್ಟೆ."

ಚಾಪೆ ಹಾಸಿ, ಮಡಿಕೆಯನ್ನು ನಡುವೆ ಇಟ್ಟು ಇಬ್ಬರೂ ಕೂತೆವು. ಅವರು ಬಿಚ್ಚಿದರು. ಬಡಿತ ಶುರುವಾಯಿತು, ದೇವೀರಿ ಒಂದು ಸಾಲು ಎತ್ತಿಕೊಂಡಳು. ಅಷ್ಟರಲ್ಲಿ ಹತ್ತಿರದಲ್ಲೇ ಎಲ್ಲೋ ಒಂದು ಕೂಸು ಅಳತೊಡಗಿತು. ಬಡಿತ ಒಂದೊಂದಾಗಿ ನಿಂತಿತು. ಮೇಷ್ಟ್ರ ದನಿ, ಬೇಸರದಿಂದ: "ಮತ್ತೆ ಮೊದಲಿಂದ ಮಾಡಬೇಕಲ್ಲಮ್ಮ." ಯಾರೋ ಹೆಂಗಸು, "ಹಸಿದಿರಬೇಕು ಕಣೇ, ಮೊಲೆ ಕೊಡು," ಅಂದಳು. ಕೂಸು ತಾರಸಿ ಹಾರಿಹೋಗುವಂತೆ ಕಿರುಚುತ್ತಿತ್ತು.

ನಾನು ಸಾಕಮ್ಮನವರ ಮುಖ ನೋಡಿದೆ. ಅರವತ್ತು ವರ್ಷದ ಹಿಂದಿನ ತಮ್ಮದೇ ಅಳುವನ್ನು ಅವರು ಕೇಳುತ್ತಿದ್ದರು. ಅವರ ಕಣ್ಣು ಒದ್ದೆಯಾಗಬಹುದೆಂದು ನಾನು ಸೆರಗು ಹಿಡಿದು ಸಿದ್ಧಳಾಗಿದ್ದೆ. ಆದರೆ ಅವರು ತಲೆ ಒಂದು ಕಡೆ ವಾಲಿಸಿ, ಹುಬ್ಬು ಗಂಟಿಕ್ಕಿ, ವಾರ್ಡಿನಲ್ಲಿ ತೊಟ್ಟಿಲ ಮುಂದೆ ನಿಲ್ಲುವಂತೆ ಕಿವಿಗೊಟ್ಟಿದ್ದರು.

"ಇದು ಹಸಿವಿನ ಅಳು ಅಲ್ಲ," ಅಂದರು. "ಕೇಳು, ನಡುನಡುವೆ ಮುಕ್ಕರೀತಾಳೆ, ಕಾಲು ಮಡಚ್ಕೋತಿರ್ತಾಳೆ. ಹೊಟ್ಟೆನೋವು. ಈಗ ಹಾಲು ಕೊಟ್ರೆ ಕಕ್ತಾಳೆ." ಅವರು ಬಟ್ಟೆಯ ಕಡೆ ಬಾಗಿದರು. "ನಮ್ಮಮ್ಮಂಗೆ ಗೊತ್ತಾಗುತ್ತಾ ಇಲ್ವಾ ನೋಡೋಣ ಇರು."

ಬಟ್ಟೆಯೊಳಗಿನಿಂದ ಹೆಜ್ಜೆ ಸದ್ದು ಬಂತು. ಕೂಸನ್ನು ಎತ್ತಿಕೊಂಡಂತೆ ಅಳು ಹತ್ತಿರವಾಯಿತು. ಆ ದಪ್ಪ ದನಿ, ಹಾಡಿನದಲ್ಲ, ಬರೀ ಮಾತಿನದು, ಯಾರಿಗೋ ಕೂಗಿ ಹೇಳಿತು: "ಹಸಿವಲ್ಲ ಕಣಕ್ಕಾ, ಹೊಟ್ಟೆ ಹಿಡ್ಕೊಂಡಿದೆ. ಆ ಬಾಗಿಲ ಹತ್ರ ಓಮದ ನೀರು ಇಟ್ಟಿದೀನಿ, ಒಸಿ ತಗೊಂಬಾ."

ಸಾಕಮ್ಮನವರು ಹಿಂದಕ್ಕೆ ಗೋಡೆಗೆ ಒರಗಿದರು. ಬಟ್ಟೆಯೊಳಗೆ ಅಳು ನಿಧಾನವಾಗಿ ಕಡಿಮೆಯಾಗುತ್ತಿತ್ತು.

"ಗೊತ್ತಾಯ್ತು ಅವಳಿಗೆ," ಅಂದರು.